ಯಾವ ದಿನ ಪೆಟ್ಟಾಯ್ತು ಅಂತ ಕೇಳಿದರೆ ಏನು ಹೇಳಬೇಕು?

ನನ್ನ ಅತ್ತಿಗೆ ಕರಾವಳಿಯ ಒಂದು ಮೀನು ಪ್ಯಾಕಿಂಗ್ ಘಟಕದಲ್ಲಿ ಐದು ವರ್ಷ ಕೆಲಸ ಮಾಡಿದರು. ಶೆಟ್ಲಿ ಸುಲಿಯುವ ಕೆಲಸ. ಸೀಗಡಿಗೆ ನಮ್ಮ ಕಡೆ ಶೆಟ್ಲಿ ಅಂತಾರೆ. ತಲೆ ಮುರಿಯಬೇಕು, ಸಿಪ್ಪೆ ಬಿಡಿಸಬೇಕು, ಬೆನ್ನಿನ ಕಪ್ಪು ಎಳೆ ತೆಗೆಯಬೇಕು, ಐಸ್ ನೀರಿನ ಟಬ್ಬಿಗೆ ಹಾಕಬೇಕು. ಆಮೇಲೆ ಮುಂದಿನ ಶೆಟ್ಲಿ. ದಿನವಿಡೀ ನಿಂತೇ ಇರಬೇಕು, ಕೈ ತಣ್ಣಗೇ ಇರಬೇಕು.

ನಾಲ್ಕನೇ ವರ್ಷದಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರ ಆಗಲು ಶುರುವಾಯಿತು. ಬಲಗೈ ಜೋಮು ಹಿಡಿದಿರುತ್ತಿತ್ತು. ಎದ್ದು ಕೂತು, ಥರ್ಮಾಮೀಟರ್ ಕೊಡವಿದ ಹಾಗೆ ಕೈ ಕೊಡವುತ್ತಿದ್ದರು. ಸ್ವಲ್ಪ ಹೊತ್ತಿಗೆ ಸರಿಯಾಗುತ್ತಿತ್ತು. ಮನೆಯಲ್ಲಿ ಎಲ್ಲರೂ ‘ವಾಯು ಆಗಿರಬೇಕು’ ಅಂದೆವು. ನಾನೂ ಅಂದೆ. ಎಣ್ಣೆ ಹಚ್ಚಿದರು, ಬಿಸಿ ಮರಳಿನ ಶಾಖ ಕೊಟ್ಟರು. ಒಂದು ದಿನ ಚಹಾದ ಲೋಟ ಕೈಯಿಂದ ಜಾರಿ ಬಿದ್ದು ಒಡೆದ ಮೇಲೆ ಡಾಕ್ಟರ ಹತ್ತಿರ ಹೋದರು. ನರದ ಪರೀಕ್ಷೆ ಆಯಿತು. ಕಾರ್ಪಲ್ ಟನಲ್ ತೊಂದರೆ ಅಂತ ಬರೆದುಕೊಟ್ಟರು.

ಆ ಚೀಟಿ ಹಿಡಿದು ಅತ್ತಿಗೆ ಘಟಕದ ಆಫೀಸಿಗೆ ಹೋದರು. ಅಲ್ಲಿ ಕೇಳಿದ್ದು ಮೂರೇ ಪ್ರಶ್ನೆ. ‘ಬಿದ್ರಾ? ಕೈ ಕೊಯ್ದುಕೊಂಡ್ರಾ? ಯಾವ ದಿನ ಪೆಟ್ಟಾಯ್ತು?’

ಮೂರಕ್ಕೂ ಅವರ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ವಾಪಸ್ ಬಂದರು.

ಆ ಮೂರನೇ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಆಮೇಲೆ ಕಾಯ್ದೆ ಓದುತ್ತಾ ಹೋದಾಗ ಗೊತ್ತಾಯಿತು, ಅದು ಆ ಆಫೀಸಿನವರು ತಾವೇ ಹುಟ್ಟಿಸಿದ ಪ್ರಶ್ನೆ ಅಲ್ಲ. ನಮ್ಮ ದೇಶದ ಪರಿಹಾರ ಕಾನೂನು ಶುರುವಾಗುವುದೇ ಆ ಪ್ರಶ್ನೆಯಿಂದ. ಈ ನೋವಿಗೋ ತಾರೀಖೇ ಇಲ್ಲ. ಕೆಲಸದಿಂದ ಕೈ ಹಾಳಾದ ಸಾವಿರಾರು ಜನ ಸಿಕ್ಕಿಬೀಳುವುದು ಇಲ್ಲಿಯೇ. ಅದಕ್ಕೆ ಎರಡನ್ನೂ ಜೊತೆಗಿಟ್ಟು ಹೇಳುತ್ತೇನೆ, ಮೊದಲು ಕೈ, ಆಮೇಲೆ ಕಾಯ್ದೆ.

ಮಣಿಕಟ್ಟಿನೊಳಗೆ ಏನಾಗುತ್ತದೆ

ನಿಮ್ಮ ಅಂಗೈ ಮೇಲೆ ಮಾಡಿ ಮಣಿಕಟ್ಟು ನೋಡಿಕೊಳ್ಳಿ. ಅಲ್ಲಿ ಚರ್ಮದ ಕೆಳಗೆ ಒಂದು ಸಣ್ಣ ಸುರಂಗ ಇದೆ, ಕಾರ್ಪಲ್ ಟನಲ್ ಅನ್ನುವುದು ಅದಕ್ಕೇ. ಮೂರು ಕಡೆ ಮೂಳೆ, ಮೇಲೆ ಗಟ್ಟಿ ಪಟ್ಟಿ. ಈ ಸುರಂಗದಲ್ಲಿ ಒಂಬತ್ತು ಟೆಂಡನ್‌ಗಳು ಹೋಗುತ್ತವೆ. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹುರಿ. ಬೆರಳು ಮಡಚುವುದು ಈ ಹುರಿಗಳಿಂದ. ಅವುಗಳ ಜೊತೆ ಒಂದೇ ಒಂದು ನರ ಹೋಗುತ್ತದೆ, ಹೆಸರು ಮೀಡಿಯನ್ ನರ.

ಒಂದೇ ಕೆಲಸ ಜೋರಾಗಿ, ಬೇಗ ಬೇಗ, ಮಣಿಕಟ್ಟು ಬಗ್ಗಿಸಿಕೊಂಡು ಮಾಡುತ್ತಾ ಹೋದರೆ ಸುರಂಗದೊಳಗೆ ಒತ್ತಡ ಏರುತ್ತದೆ. ಹುರಿಗಳ ಸುತ್ತಲಿನ ಹೊದಿಕೆ ದಪ್ಪಗಾಗುತ್ತದೆ. ಮೂಳೆ ಜಾಗ ಬಿಡುವುದಿಲ್ಲ, ಪಟ್ಟಿಯೂ ಬಿಡುವುದಿಲ್ಲ. ನಡುವೆ ಸಿಕ್ಕಿ ನಲುಗುವುದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತದೆ. ಕಿರುಬೆರಳಿಗೆ ಏನೂ ಆಗುವುದಿಲ್ಲ, ಯಾಕಂದರೆ ಅದಕ್ಕೆ ಹೋಗುವ ನರವೇ ಬೇರೆ. ಇದು ಮನೆಯಲ್ಲೇ ಗಮನಿಸಬಹುದಾದ ಒಳ್ಳೆಯ ಗುರುತು. ರಾತ್ರಿ ಜಾಸ್ತಿ ಆಗುವುದು ಇನ್ನೊಂದು ಗುರುತು. ನಿದ್ದೆಯಲ್ಲಿ ನಾವು ಮಣಿಕಟ್ಟು ಮಡಚಿಕೊಂಡು ಮಲಗುತ್ತೇವೆ, ಆಗ ಸುರಂಗ ಇನ್ನೂ ಬಿಗಿಯಾಗುತ್ತದೆ. ಕೈ ಕೊಡವಿದರೆ ಹಾಯೆನಿಸುತ್ತದೆ. ಅತ್ತಿಗೆ ರಾತ್ರಿ ಎದ್ದು ಮಾಡುತ್ತಿದ್ದದ್ದು ಅದನ್ನೇ.

ತುಂಬಾ ದಿನ ಬಿಟ್ಟರೆ ಹೆಬ್ಬೆರಳಿನ ಬುಡದ ದುಂಡು ಮಾಂಸ ಸೊರಗುತ್ತದೆ. ಆ ಹಂತಕ್ಕೆ ಹೋದ ಮೇಲೆ ಆಪರೇಷನ್ ಮಾಡಿದರೂ ಮೊದಲಿನ ಬಲ ಪೂರ್ತಿ ಬರದೇ ಹೋಗಬಹುದು. ಅದಕ್ಕೇ ಬೇಗ ತೋರಿಸಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು. ಮೊದಮೊದಲು ರಾತ್ರಿ ಮಣಿಕಟ್ಟು ನೇರ ಇಡುವ ಪಟ್ಟಿ ಕಟ್ಟಿಕೊಂಡು, ಕೆಲಸ ಬದಲಿಸಿಕೊಂಡರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಆಮೇಲೆ ಇಂಜೆಕ್ಷನ್. ಅದೂ ಸಾಲದಿದ್ದರೆ ಸುರಂಗದ ಮೇಲಿನ ಪಟ್ಟಿ ಬಿಡಿಸುವ ಸಣ್ಣ ಆಪರೇಷನ್.

ಇದು ಒಂದು ಬಗೆ ಅಷ್ಟೇ. ಹೆಬ್ಬೆರಳಿನ ಬುಡದ ಹುರಿ ಊದಿಕೊಂಡರೆ ಬಟ್ಟೆ ಹಿಂಡಲು ಆಗುವುದಿಲ್ಲ, ಮಗುವನ್ನು ಎತ್ತಲು ಆಗುವುದಿಲ್ಲ. ಬೆರಳು ಮಡಚಿದರೆ ಟಕ್ಕೆಂದು ಸಿಕ್ಕಿಕೊಳ್ಳುವುದು ಇನ್ನೊಂದು. ಮೊಣಕೈ ಹೊರಮಗ್ಗುಲಲ್ಲಿ ನೋವು ಬಂದು ಚೊಂಬು ಎತ್ತಲೂ ಕಷ್ಟವಾಗುವುದಕ್ಕೆ ಟೆನಿಸ್ ಎಲ್ಬೋ ಅಂತಾರೆ. ಟೆನಿಸ್ ಬ್ಯಾಟನ್ನೇ ನೋಡದ ಎಷ್ಟೋ ಜನರಿಗೆ ಅದು ಬರುತ್ತದೆ. ಇವನ್ನೆಲ್ಲ ಸೇರಿಸಿ ಇಂಗ್ಲಿಷಿನವರು ರಿಪಿಟಿಟಿವ್ ಸ್ಟ್ರೇನ್ ಇಂಜುರಿ ಅಂತಾರೆ. ಮಾಡಿದ್ದನ್ನೇ ಮಾಡಿ ಮಾಡಿ ಸವೆದು ಬರುವ ನೋವು.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಕಾಯಿಲೆ ಅಲ್ಲ. ಮುನ್ನೂರು ವರ್ಷಕ್ಕೂ ಹಿಂದೆ ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜ್ಜಿನಿ ಕೂತು ಬರೆಯುವ ಗುಮಾಸ್ತರ ಕೈ ನೋವಿನ ಬಗ್ಗೆ ಬರೆದಿದ್ದ. ಒಂದೇ ಸಮನೆ ಕೂತಿರುವುದು, ಕೈಯ ಅದೇ ಚಲನೆ, ತಪ್ಪಾಗಬಾರದು ಅನ್ನುವ ಮನಸ್ಸಿನ ಒತ್ತಡ, ಇವೇ ಕಾರಣ ಅಂದಿದ್ದ. ಬ್ರಿಟನ್ನಿನಲ್ಲಿ 1908ರಲ್ಲೇ ತಂತಿ ಕಳಿಸುವ ನೌಕರರ ಕೈ ಸೆಳೆತವನ್ನು ಪರಿಹಾರ ಕೊಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದರು.

ನಮ್ಮ ಜಿಲ್ಲೆಯ ಕೈಗಳು

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುವವರನ್ನು ನೋಡಿ. ಮೆಟ್ಟುಗತ್ತಿಯ ಮಣೆ ಮೇಲೆ ಕೂತು, ಅಲಗಿಗೆ ಅಡಿಕೆ ಒತ್ತಿ, ತಿರುವಿ, ಸಿಪ್ಪೆ ಬಿಡಿಸುತ್ತಾರೆ. ಸುಗ್ಗಿಯಲ್ಲಿ ಇದು ರಾತ್ರಿ ಹೊತ್ತಿನವರೆಗೂ ನಡೆಯುತ್ತದೆ. ನಿಮಿಷಕ್ಕೆ ಹತ್ತು ಅಡಿಕೆ ಅಂತ ಇಟ್ಟುಕೊಳ್ಳೋಣ. ಗಂಟೆಗೆ 600. ಏಳು ಗಂಟೆಗೆ 4,200. ಒಂದು ಅಡಿಕೆಗೆ ಎರಡು ಸಲ ಮಣಿಕಟ್ಟು ತಿರುವಿದರೂ ದಿನಕ್ಕೆ 8,400 ಸಲ. ಕತ್ತಿ ಮೊಂಡಾಗಿದ್ದರೆ ಪ್ರತಿ ತಿರುವಿಗೂ ಬಲ ಜಾಸ್ತಿ ಬೇಕು. ಕೂಲಿ ಲೆಕ್ಕ ಸುಲಿದಷ್ಟಕ್ಕೇ ಆದರೆ ಕೈಗೆ ವಿಶ್ರಾಂತಿ ಕೊಟ್ಟವರಿಗೆ ಅಷ್ಟು ಕೂಲಿ ಕಡಿಮೆ. ಈ ಲೆಕ್ಕವೇ ಜನರನ್ನು ನೋವಿನ ಮೇಲೆ ಕೆಲಸ ಮಾಡಿಸುತ್ತದೆ.

ವಖಾರಿಯಲ್ಲಿ ಅಡಿಕೆ ಆರಿಸುವ ಹೆಂಗಸರು, ಮೂಟೆ ಹೊರುವ ಹಮಾಲರು, ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ ಹಿಡಿಯುವ ಹುಡುಗರು, ಹೊನ್ನಾವರ, ಭಟ್ಕಳದ ಕಡೆ ಚಿರೆಕಲ್ಲು ಕತ್ತರಿಸುವವರು, ಸಾಣಿಕಟ್ಟಾದ ಆಗರದಲ್ಲಿ ಉಪ್ಪು ಎಳೆಯುವವರು, ಬೈತಖೋಲ್ ಬಂದರಿನಲ್ಲಿ ಮೀನು ವಿಂಗಡಿಸುವವರು. ಇವರೆಲ್ಲರ ಕೆಲಸದಲ್ಲೂ ಕೈಯನ್ನು ಸವೆಸುವ ಒಂದಲ್ಲ ಒಂದು ಕಾರಣ ಇದೆ. ಕೆಲವರಿಗೆ ಬಲ, ಕೆಲವರಿಗೆ ವೇಗ, ಕೆಲವರಿಗೆ ಮೆಷಿನ್ನಿನ ನಡುಕ, ಕೆಲವರಿಗೆ ಥಂಡಿ. ಮೆಷಿನ್ ನಡುಕದಿಂದ ಬೆರಳ ತುದಿ ಬಿಳಿಚಿಕೊಂಡು ಸ್ಪರ್ಶ ಹೋಗುವುದೂ ಉಂಟು. ಶೆಟ್ಲಿ ಸುಲಿಯುವವರಿಗೆ ವೇಗ, ಹಿಡಿತದ ಬಲ, ಥಂಡಿ ಮೂರೂ ಒಟ್ಟಿಗೇ ಸೇರುತ್ತವೆ.

ಆಫೀಸಿನಲ್ಲಿ ಕೀಬೋರ್ಡ್ ಒತ್ತುವವರ ಬಗ್ಗೆ ಒಂದು ಮಾತು. ಅವರಿಗೂ ಕುತ್ತಿಗೆ, ಭುಜ, ಮಣಿಕಟ್ಟು ನೋವು ಬರುತ್ತದೆ, ಅದು ನಿಜ. ಆದರೆ ಕಾರ್ಪಲ್ ಟನಲ್‌ಗೆ ಬರಿಯ ಟೈಪಿಂಗ್ ಕಾರಣ ಅನ್ನಲು ಸಿಕ್ಕಿರುವ ಆಧಾರ ಅಷ್ಟು ಗಟ್ಟಿಯಲ್ಲ. ಬಲ ಹಾಕಿ ಮಾಡುವ ಕೆಲಸ ಮತ್ತು ನಡುಗುವ ಮೆಷಿನ್‌ಗಳ ವಿಷಯದಲ್ಲಿ ಆಧಾರ ಇದಕ್ಕಿಂತ ಗಟ್ಟಿ. ಈ ನೋವಿನ ಮಾತು ಬಂದಾಗಲೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತವರ ಚಿತ್ರವನ್ನೇ ಹಾಕುತ್ತಾರೆ. ಮೆಟ್ಟುಗತ್ತಿ ಮುಂದೆ ಕೂತವರ ಚಿತ್ರ ಹಾಕಿದ್ದನ್ನು ನಾನಂತೂ ನೋಡಿಲ್ಲ. ನನಗೆ ಇದು ಬಹಳ ಬೇಸರದ ಸಂಗತಿ.

ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ಬಸುರಿ ಇರುವಾಗ, ಇಂಥ ಹೊತ್ತಿನಲ್ಲೂ ಕಾರ್ಪಲ್ ಟನಲ್ ಬರಬಹುದು. ಇದು ಮುಂದೆ ಕೇಸಿನಲ್ಲಿ ಬರುವ ವಿಷಯ. ಮಾಲೀಕರ ಕಡೆಯ ವಕೀಲರು ಮೊದಲು ಕೇಳುವುದೇ ‘ಇವರಿಗೆ ಶುಗರ್ ಇತ್ತಾ?’ ಅಂತ.

ಕಾಯ್ದೆ ಏನು ಕೇಳುತ್ತದೆ

ನಮ್ಮ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, ನಾವೆಲ್ಲ ಟಿಎಸ್‌ಎಸ್ ಅನ್ನುವುದು, ಅದೂ ಹುಟ್ಟಿದ್ದು ಅದೇ ವರ್ಷ. ಅಷ್ಟು ಹಳೆಯ ಕಾಯ್ದೆ. ಮೊದಲು ಅದರ ಇಂಗ್ಲಿಷ್ ಹೆಸರಿನಲ್ಲಿ ‘ವರ್ಕ್‌ಮೆನ್’ ಅಂತಿತ್ತು. 2010ರಿಂದ ಅದನ್ನು ‘ಎಂಪ್ಲಾಯೀಸ್’ ಅಂತ ಬದಲಿಸಿದರು. ಈಗ ಅದನ್ನು ಸಾಮಾಜಿಕ ಭದ್ರತಾ ಸಂಹಿತೆ, 2020ರ ಒಳಗೆ ಸೇರಿಸಿದ್ದಾರೆ. ಈ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹೆಸರು ಬದಲಾದರೂ ಒಳಗಿನ ಹೂರಣ ಹೆಚ್ಚು ಕಡಿಮೆ ಅದೇ.

ಅದರ ಪ್ರಕಾರ ಪರಿಹಾರಕ್ಕೆ ಎರಡು ಬಾಗಿಲು.

ಮೊದಲನೆಯದು ಅಪಘಾತ. ಕೆಲಸದಲ್ಲಿರುವಾಗ, ಕೆಲಸದ ಕಾರಣದಿಂದ, ಅಪಘಾತವಾಗಿ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು. ಮಾಲೀಕನ ತಪ್ಪು ಇತ್ತು ಅಂತ ತೋರಿಸುವ ಅಗತ್ಯ ಇಲ್ಲ. ಇದು ಈ ಕಾಯ್ದೆಯ ದೊಡ್ಡ ಗುಣ.

ಎರಡನೆಯದು ಕಸುಬಿನ ಕಾಯಿಲೆ. ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ, ಮೂರನೇ ಅನುಸೂಚಿ. ಸೀಸದ ವಿಷ, ಪಾದರಸದ ವಿಷ, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಹತ್ತಿ ಧೂಳಿನ ಕಾಯಿಲೆ, ಗದ್ದಲದಿಂದ ಕಿವಿ ಮಂದವಾಗುವುದು, ಇಂಥವು. ಆ ಪಟ್ಟಿಯಲ್ಲಿರುವ ಕಾಯಿಲೆ ಆ ಕೆಲಸದವರಿಗೆ ಬಂದರೆ ಅದನ್ನು ಅಪಘಾತದ ಪೆಟ್ಟು ಅಂತಲೇ ಲೆಕ್ಕ ಹಿಡಿಯುತ್ತಾರೆ. ಯಾವ ದಿನ ಬಂತು ಅನ್ನುವ ಪ್ರಶ್ನೆ ಕಾಡುವುದಿಲ್ಲ.

ಕಾರ್ಪಲ್ ಟನಲ್ ಆ ಪಟ್ಟಿಯಲ್ಲಿ ಇಲ್ಲ. ಟೆಂಡನ್ ಊತ ಇಲ್ಲ. ಟೆನಿಸ್ ಎಲ್ಬೋ ಇಲ್ಲ. ಹಮಾಲರ ಸೊಂಟ ಇಲ್ಲ.

ಇವುಗಳಲ್ಲಿ ಮೊದಲ ಮೂರು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಪಟ್ಟಿಯಲ್ಲಿ ಇವೆ. 2010ರಲ್ಲಿ ಅದನ್ನು ಪರಿಷ್ಕರಿಸಿದಾಗ ಮೂಳೆ, ಸ್ನಾಯುಗಳ ಕಾಯಿಲೆಗಳ ಭಾಗದಲ್ಲಿ ಇವುಗಳ ಹೆಸರು ಹಾಕಿದರು. ಬಲ ಹಾಕಿ ಅದೇ ಕೆಲಸ ಮಾಡುವುದರಿಂದ, ನಡುಕದಿಂದ, ಮಣಿಕಟ್ಟು ವಿಪರೀತ ಬಗ್ಗಿಸುವುದರಿಂದ ಬರುವ ಕಾರ್ಪಲ್ ಟನಲ್ ಅಂತ ಬಿಡಿಸಿ ಬರೆದಿದ್ದಾರೆ. ಆದರೆ ಆ ಪಟ್ಟಿ ದೇಶಗಳಿಗೆ ಸಲಹೆ ಮಾತ್ರ. ನಮ್ಮ ಹೊಸ ಸಂಹಿತೆ ಬರೆಯುವಾಗ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ ಒಳಗೆ ಸೇರಿಸಿದರು. ಅದು ಒಳ್ಳೆಯದೇ ಆಯಿತು. ಆದರೆ ನಿಧಾನವಾಗಿ ಸವೆಯುವ ಕೈಯನ್ನು ಸೇರಿಸಲಿಲ್ಲ. ಸೇರಿಸಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೂರು ವರ್ಷದ ಹಿಂದೆ ಈ ಪಟ್ಟಿ ಮಾಡಿದವರಿಗೆ ಕೆಲಸ ಅಂದರೆ ಕಾರ್ಖಾನೆ, ಗಣಿ, ವಿಷದ ಹೊಗೆ. ಶೆಟ್ಲಿ ಸುಲಿಯುವ ಹೆಂಗಸಿನ ಮಣಿಕಟ್ಟು ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಈಗಿನವರ ಕಣ್ಣಿಗಾದರೂ ಬೀಳಬೇಕಲ್ವಾ?

ಪಟ್ಟಿಯಲ್ಲಿ ಇಲ್ಲದ ಕಾಯಿಲೆಗೆ ಕಾಯ್ದೆ ಒಂದೇ ಕಿಂಡಿ ಬಿಟ್ಟಿದೆ. ಆ ಕಾಯಿಲೆ ಕೆಲಸದಲ್ಲಿ ಆದ ಒಂದು ನಿರ್ದಿಷ್ಟ ಅಪಘಾತದ ಪೆಟ್ಟಿನಿಂದ ನೇರವಾಗಿ ಬಂದಿರಬೇಕು. 1923ರ ಕಾಯ್ದೆಯ 3ನೇ ಕಲಮಿನ 4ನೇ ಉಪಕಲಮು ಹೇಳುವುದು ಇದನ್ನೇ. ಅತ್ತಿಗೆಗೆ ಕೇಳಿದ ‘ಯಾವ ದಿನ’ ಹುಟ್ಟಿದ್ದು ಇಲ್ಲಿಂದ.

‘ಅಪಘಾತ’ ಅಂದರೆ ಎಷ್ಟು ದೊಡ್ಡದಿರಬೇಕು?

ಇಲ್ಲಿ ಕೋರ್ಟುಗಳು ಕಾಯ್ದೆಯ ಮಾತನ್ನು ಸ್ವಲ್ಪ ಅಗಲ ಮಾಡಿವೆ. ಇದು ಎಲ್ಲ ಕೆಲಸಗಾರರಿಗೂ ಗೊತ್ತಿರಬೇಕು.

1903ರಲ್ಲಿ ಇಂಗ್ಲೆಂಡಿನ ಮೇಲಿನ ಕೋರ್ಟಿಗೆ ಒಂದು ಕೇಸು ಬಂತು. ಫೆಂಟನ್ ಅನ್ನುವ ಕೆಲಸಗಾರ ಮೆಷಿನ್ನಿನ ಚಕ್ರ ತಿರುಗಿಸಲು ಹೋಗಿದ್ದ. ಅದು ಬಿಗಿಯಾಗಿತ್ತು. ಜೋರಾಗಿ ಬಲ ಹಾಕಿದ. ಒಳಗೆ ಏನೋ ಹರಿದ ಹಾಗಾಯಿತು, ಹರ್ನಿಯಾ ಆಯಿತು. ಅವನು ಬಿದ್ದಿರಲಿಲ್ಲ, ಮೆಷಿನ್ ಮುರಿದಿರಲಿಲ್ಲ, ಹೊರಗಿನಿಂದ ಏನೂ ಬಂದು ಬಡಿದಿರಲಿಲ್ಲ. ಆದರೂ ಅದು ಅಪಘಾತವೇ ಅಂತ ತೀರ್ಪಾಯಿತು. ಬಯಸದೆ, ನಿರೀಕ್ಷಿಸದೆ ಆದ ಕೆಡುಕು ಅಂದರೆ ಸಾಕು ಅಂದರು. ನಮ್ಮ ಕೋರ್ಟುಗಳೂ ಆ ದಾರಿಯಲ್ಲೇ ಬಂದಿವೆ. 2012ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಬ್ಬ ಲಾರಿ ಡ್ರೈವರ್ ವಿಷಯದಲ್ಲಿ ಹೀಗೇ ಹೇಳಿತು. ಅವನು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಗಾಡಿ ಓಡಿಸಿ, ಸುಸ್ತಾಗಿ, ಹೋಟೆಲಿನ ಹತ್ತಿರ ಗಾಡಿ ನಿಲ್ಲಿಸಿ ಕುಸಿದು ಸತ್ತಿದ್ದ. ಡಿಕ್ಕಿ ಆಗಿರಲಿಲ್ಲ. ಆದರೂ ಕೆಲಸದ ಒತ್ತಡದಿಂದ ಆದ ಅಪಘಾತ ಅಂತ ಒಪ್ಪಿದರು.

ಹಾಗಾದರೆ ಶಿರಸಿಯ ಹಮಾಲರೊಬ್ಬರು ಮೂಟೆ ಎತ್ತುವಾಗ ಸೊಂಟದಲ್ಲಿ ಕಟ್ಟಂತ ಸದ್ದಾಗಿ ಕೂತುಬಿಟ್ಟರು ಅನ್ನಿ. ಅವರು ಬೀಳಲಿಲ್ಲ. ಆದರೂ ಅದು ಅಪಘಾತ ಆಗಬಹುದು. ದಿನ ಇದೆ, ಹೊತ್ತು ಇದೆ, ಪಕ್ಕದಲ್ಲಿ ನೋಡಿದವರು ಇದ್ದಾರೆ. ಮೊದಲಿಂದ ಸೊಂಟ ಸವೆದಿತ್ತು ಅನ್ನುವ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಆ ದಿನದ ಶ್ರಮ ಆ ಕೆಡುಕನ್ನು ತಂದಿತು ಅಂತ ತೋರಿಸಬೇಕು.

ಕೈಗೂ ಇದೇ ಮಾತು. ವರ್ಷಗಟ್ಟಲೆ ಸಣ್ಣ ನೋವಿದ್ದು, ಒಂದು ದಿನ ಭಾರದ ಟಬ್ ಎತ್ತುವಾಗ ಮಣಿಕಟ್ಟು ಉಳುಕಿ, ಅಲ್ಲಿಂದ ಕೈ ಕೆಲಸಕ್ಕೆ ಬಾರದಂತಾಗಿದ್ದರೆ, ಆ ದಿನ ಬಹಳ ಮುಖ್ಯ. ಅದನ್ನು ಅದೇ ದಿನ ಹೇಳಬೇಕು, ಬರೆಸಬೇಕು. ಆದರೆ ಇಲ್ಲದ ದಿನವನ್ನು ಹುಟ್ಟಿಸಬೇಡಿ. ಸುಳ್ಳು ತಾರೀಖು ಹಾಜರಿ ಪುಸ್ತಕದ ಮುಂದೆ ನಿಲ್ಲುವುದಿಲ್ಲ. ನಿಜವಾದ ನೋವೂ ಅದರ ಜೊತೆ ಸುಳ್ಳಾಗಿಬಿಡುತ್ತದೆ.

ದುಡ್ಡಿನ ಲೆಕ್ಕ

ಪೂರ್ತಿ ಮತ್ತು ಶಾಶ್ವತ ಅಂಗವಿಕಲತೆಗೆ ಸಂಬಳದ ಶೇ. 60ನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. 30 ವರ್ಷಕ್ಕೆ ಆ ಅಂಕಿ 207.98, 40ಕ್ಕೆ 184.17, 50ಕ್ಕೆ 153.09. ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳಕ್ಕೆ 2020ರ ಜನವರಿಯಲ್ಲಿ 15,000 ರೂಪಾಯಿಯ ಮಿತಿ ಇಟ್ಟರು.

40 ವರ್ಷದ, 12,000 ರೂ. ಸಂಬಳದ ಒಬ್ಬರನ್ನು ತೆಗೆದುಕೊಳ್ಳಿ. ಸಂಬಳದ ಶೇ. 60 ಅಂದರೆ 7,200. ಅದನ್ನು 184.17ರಿಂದ ಗುಣಿಸಿದರೆ 13,26,024 ರೂ. ಗಳಿಸುವ ಶಕ್ತಿ ಶೇ. 20ರಷ್ಟು ಹೋಗಿದೆ ಅಂತ ಡಾಕ್ಟರು ಅಳೆದರೆ ಅದರಲ್ಲಿ ಐದನೇ ಒಂದು ಭಾಗ, ಸುಮಾರು 2.65 ಲಕ್ಷ. ಸ್ವಲ್ಪ ದಿನದ ಮಟ್ಟಿಗೆ ಕೆಲಸ ಮಾಡಲಾಗದಿದ್ದರೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ. 25. ಅಂದರೆ ತಿಂಗಳಿಗೆ ಅರ್ಧ ಸಂಬಳ. ಚಿಕಿತ್ಸೆಯ ಖರ್ಚು ಬೇರೆ, ಅದಕ್ಕೆ ಬಿಲ್ ಬೇಕು.

ಅಳೆಯುವುದು ಕೈ ಎಷ್ಟು ಹೋಗಿದೆ ಅನ್ನುವುದನ್ನಲ್ಲ, ಗಳಿಕೆ ಎಷ್ಟು ಹೋಗಿದೆ ಅನ್ನುವುದನ್ನು. ಇದನ್ನು ಮರೆಯಬೇಡಿ. 1975ರಲ್ಲಿ ಒಬ್ಬ ಬಡಗಿಯ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಪಘಾತದಿಂದ ಎಡಗೈಯನ್ನು ಮೊಣಕೈ ಮೇಲೆ ತೆಗೆಯಬೇಕಾಗಿತ್ತು. ಬಲಗೈ ಇದೆಯಲ್ಲ, ನಷ್ಟ ಭಾಗಶಃ ಅಂತ ಮಾಲೀಕ ವಾದ ಮಾಡಿದ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ನಷ್ಟ ಪೂರ್ತಿ ಅಂತ ಕೋರ್ಟು ಹೇಳಿತು. ಡಾಕ್ಟರು ‘ಕೈಯ ಬಲ ಶೇ. 15 ಕಡಿಮೆ’ ಅಂತ ಬರೆದರೆ ಅಲ್ಲಿಗೇ ಬಿಡಬಾರದು. ಬೆರಳ ತುದಿಯ ಸ್ಪರ್ಶದಿಂದಲೇ ದುಡಿಯುವವರಿಗೆ ಆ ಶೇ. 15 ಅಂದರೆ ಏನು ಅಂತ ಬಿಡಿಸಿ ಹೇಳಬೇಕು.

ಇಎಸ್‌ಐ ಇದ್ದರೆ ದಾರಿ ಬೇರೆ

ಇಎಸ್‌ಐ ಅಂದರೆ ನೌಕರರ ರಾಜ್ಯ ವಿಮೆ. ನನ್ನ ಅತ್ತಿಗೆಯ ಕೈ ಹಿಡಿದದ್ದು ಇದು. ನಮಗೆ ಗೊತ್ತಾಗಲು ಎರಡು ತಿಂಗಳು ತಡವಾಯಿತು.

ಸಂಬಳದ ಚೀಟಿಯಲ್ಲಿ ಇಎಸ್‌ಐ ಅಂತ ಶೇ. 0.75 ಹಿಡಿಯುತ್ತಿದ್ದಾರಾ ನೋಡಿ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ, 21,000 ರೂ. ಒಳಗಿನ ಸಂಬಳ ಅಂದರೆ ಸಾಮಾನ್ಯವಾಗಿ ಈ ಯೋಜನೆ ಇರುತ್ತದೆ. ಮಾಲೀಕರು ತಮ್ಮ ಪಾಲಾಗಿ ಶೇ. 3.25 ಕಟ್ಟುತ್ತಾರೆ. ಇಎಸ್‌ಐ ಇದ್ದವರು ಕೆಲಸದ ಪೆಟ್ಟಿಗೆ ಮಾಲೀಕರಿಂದ ಪರಿಹಾರ ಕೇಳುವಂತಿಲ್ಲ, ಇಎಸ್‌ಐನಿಂದಲೇ ಪಡೆಯಬೇಕು. ಕೆಲಸದ ಪೆಟ್ಟು ಅಂತ ಒಪ್ಪಿದರೆ ಕೂಲಿಯ ಶೇ. 90 ಸಿಗುತ್ತದೆ. ಆದರೆ ಅಲ್ಲಿಯೂ ಅಪಘಾತ ಅಥವಾ ಪಟ್ಟಿಯ ಕಾಯಿಲೆ, ಅದೇ ಎರಡು ಬಾಗಿಲು.

ಒಪ್ಪದಿದ್ದರೂ ಕೈ ಖಾಲಿ ಆಗುವುದಿಲ್ಲ. ಕಾಯಿಲೆ ರಜೆಯ ಸೌಲಭ್ಯ ಅಂತ ಒಂದಿದೆ. ಅದಕ್ಕೆ ಕಾಯಿಲೆ ಎಲ್ಲಿಂದ ಬಂತು ಅಂತ ತೋರಿಸಬೇಕಿಲ್ಲ. ಕೆಲಸ ಮಾಡಲಾಗದು ಅಂತ ಇಎಸ್‌ಐ ಡಾಕ್ಟರು ಬರೆದರೆ ಸಾಕು. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಕೊಡುತ್ತಾರೆ. ದಿನಕ್ಕೆ 400 ರೂ. ಕೂಲಿಯವರಿಗೆ 280 ರೂ., 91 ದಿನಕ್ಕೆ 25,480 ರೂ. ನರದ ಪರೀಕ್ಷೆ, ಆಪರೇಷನ್, ಔಷಧಿ ಯೋಜನೆಯ ಲೆಕ್ಕದಲ್ಲೇ ಹೋಗುತ್ತವೆ. ಆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ.

ಸ್ವಂತ ಮೆಷಿನ್ ಇಟ್ಟುಕೊಂಡ ಟೈಲರ್, ಮನೆ ಮನೆಗೆ ಹೋಗಿ ಅಡಿಕೆ ಸುಲಿಯುವವರು, ಇವರಿಗೆ ಇಎಸ್‌ಐ ಇಲ್ಲ, ಎಷ್ಟೋ ಸಲ ಮಾಲೀಕ ಅಂತ ತೋರಿಸಲು ಒಬ್ಬರೂ ಇರುವುದಿಲ್ಲ. ರಾಜ್ಯ ಸರ್ಕಾರದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರು, ಟೈಲರ್‌ಗಳು, ಮನೆಗೆಲಸದವರು ಹೆಸರು ಬರೆಸಬಹುದು. ಅದರ ನೆರವಿಗೂ ಮುಖ್ಯ ಆಧಾರ ಅಪಘಾತವೇ. ಈ ಜನರ ಸವೆದ ಕೈಗೆ ಇವತ್ತಿಗೆ ಸರಿಯಾದ ಆಸರೆ ಇಲ್ಲ. ಬರೆಯಲು ನೋವಾಗುತ್ತದೆ, ಆದರೆ ಇರುವುದು ಹಾಗೆ.

ಕಾಗದ ಮಾಡಿಡಿ

ಡಾಕ್ಟರ ಹತ್ತಿರ ಹೋದಾಗ ‘ಕೈ ನೋವು’ ಅಂತಷ್ಟೇ ಹೇಳಬೇಡಿ. ‘ನಾಲ್ಕು ವರ್ಷದಿಂದ ದಿನಕ್ಕೆ ಎಂಟು ಗಂಟೆ ಐಸ್ ನೀರಿನಲ್ಲಿ ಶೆಟ್ಲಿ ಸುಲಿಯುತ್ತೇನೆ, ರಾತ್ರಿ ಜೋಮು, ರಜೆ ಇದ್ದಾಗ ಕಡಿಮೆ’ ಅನ್ನಿ. ಅದನ್ನು ಚೀಟಿಯಲ್ಲಿ ಬರೆಯಲು ಕೇಳಿ. ಹೊರರೋಗಿ ಚೀಟಿಯ ಆ ಎರಡು ಸಾಲು ಮುಂದೆ ಎಷ್ಟು ತೂಕ ಪಡೆಯುತ್ತದೆ ಅಂತ ಹೇಳಿ ಮುಗಿಯದು. ಅತ್ತಿಗೆಯ ಮೊದಲ ಚೀಟಿಯಲ್ಲಿ ಕೆಲಸದ ಹೆಸರೇ ಇರಲಿಲ್ಲ. ಉದ್ಯೋಗ ಅನ್ನುವ ಜಾಗದಲ್ಲಿ ‘ಗೃಹಿಣಿ’ ಅಂತ ಬರೆದಿದ್ದರು.

ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬಂದರಿನ ಕೆಲಸದವರಿಗೆ ಕೈಗೆ ಬಿಡುವು ಸಿಗುವುದು ಆಗಲೇ. ಆ ದಿನಗಳಲ್ಲಿ ನೋವು ಕಡಿಮೆಯಾಗಿ, ಆಗಸ್ಟಿನಲ್ಲಿ ಕೆಲಸ ಶುರುವಾದ ಮೇಲೆ ಮತ್ತೆ ಏರಿದರೆ ಅದನ್ನು ಡೈರಿಯಲ್ಲಿ ಬರೆದಿಡಿ. ಕೆಲಸಕ್ಕೂ ನೋವಿಗೂ ಸಂಬಂಧ ಇದೆ ಅಂತ ತೋರಿಸಲು ಇದಕ್ಕಿಂತ ಸುಲಭದ ಸಾಕ್ಷಿ ನನಗೆ ಹೊಳೆಯುತ್ತಿಲ್ಲ.

ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ವಾಟ್ಸಾಪ್ ಆದರೂ ಆಗಲಿ, ಅಳಿಸಬೇಡಿ. ಕೂಲಿ ಫೋನ್‌ಪೇಯಲ್ಲಿ ಬಂದಿದ್ದರೆ ಅದೂ ನೀವು ಅಲ್ಲಿ ದುಡಿದದ್ದಕ್ಕೆ ಸಾಕ್ಷಿ. ಅರ್ಜಿ ಹಾಕುವುದಿದ್ದರೆ ಎರಡು ವರ್ಷ ದಾಟಲು ಬಿಡಬೇಡಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಾರ್ಖಾನೆ ಕೆಲಸಗಾರರಿಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ ಸಂಖ್ಯೆ 15100.

ಕೆಲಸ ಕೊಡುವವರಿಗೂ ಒಂದು ಮಾತು. ಕತ್ತಿ ದಿನಾ ಮಸೆಯಿರಿ. ಸುಲಿಯುವವರನ್ನು ಎರಡು ಗಂಟೆಗೊಮ್ಮೆ ಪ್ಯಾಕಿಂಗಿಗೆ, ಪ್ಯಾಕಿಂಗಿನವರನ್ನು ಸುಲಿಯಲು ಬದಲಿಸಿ. ಮೇಜು ಸೊಂಟದ ಎತ್ತರಕ್ಕಿರಲಿ. ಕೈಗೆ ಸರಿಯಾಗುವ ಗ್ಲೌಸ್ ಕೊಡಿ, ದೊಡ್ಡ ಗ್ಲೌಸ್ ಹಾಕಿದರೆ ಹಿಡಿತಕ್ಕೆ ಇನ್ನೂ ಜಾಸ್ತಿ ಬಲ ಬೇಕು. ಗಂಟೆಗೆ ಐದು ನಿಮಿಷ ಕೈ ಬೆಚ್ಚಗೆ ಮಾಡಿಕೊಳ್ಳಲು ಬಿಡಿ. ಇವಕ್ಕೆಲ್ಲ ಆಗುವ ಖರ್ಚು ಬಹಳ ಕಡಿಮೆ.

ಅತ್ತಿಗೆಗೆ ಪರಿಹಾರ ಅಂತ ಸಿಗಲಿಲ್ಲ. ಇಎಸ್‌ಐನಿಂದ ಆಪರೇಷನ್ ಆಯಿತು, ಎಂಬತ್ತಕ್ಕೂ ಹೆಚ್ಚು ದಿನದ ರಜೆ ಹಣ ಬಂತು. ರಾತ್ರಿ ಈಗ ಎಚ್ಚರ ಆಗುವುದಿಲ್ಲ. ಹೆಬ್ಬೆರಳಿನ ಬಲ ಮಾತ್ರ ಪೂರ್ತಿ ಬಂದಿಲ್ಲ, ತೆಂಗಿನಕಾಯಿ ತುರಿಯಲು ಅಣ್ಣನನ್ನು ಕೂರಿಸುತ್ತಾರೆ. ಕಳೆದ ಸುಗ್ಗಿಯಲ್ಲಿ ಅದೇ ಘಟಕದ ಇನ್ನೊಬ್ಬ ಹೆಂಗಸು ಕೈ ಜೋಮು ಅಂತ ಮನೆಗೆ ಬಂದಿದ್ದರು. ಅತ್ತಿಗೆ ಅವರನ್ನು ಕೂರಿಸಿಕೊಂಡು ಮೊದಲು ಕೇಳಿದ್ದು, ‘ಕಿರುಬೆರಳು ಸರಿ ಇದೆಯಾ?’ ಅಂತ. ಆಮೇಲೆ ಒಂದು ಹಳೆ ನೋಟ್‌ಬುಕ್ ತೆಗೆದು, ಆ ದಿನದ ತಾರೀಖು ಹಾಕಿ, ಅವರು ಹೇಳಿದ್ದನ್ನೆಲ್ಲ ಬರೆಯಲು ನನ್ನ ಕೈಗೆ ಪೆನ್ನು ಕೊಟ್ಟರು.